ಅರಿಶಿನದ ಪುಡಿ ತೋರಿಸಿದ ಹೆಬ್ಬೆರಳು

ಬನಹಟ್ಟಿಯಲ್ಲಿರುವ ನಮ್ಮಕ್ಕನ ಬಂಗಾರದ ಸರ ಕಾಣೆಯಾಯಿತು. ಅನುಮಾನ ಯಾರ ಮೇಲೆ ಹೋಗಿರಬೇಕು, ಹೇಳಿ?

ಸರಿಯಾಗಿಯೇ ಊಹಿಸಿದಿರಿ. ಮನೆಗೆಲಸದ ಕಸ್ತೂರಿಯ ಮೇಲೆ.

ಸರ ಇದ್ದದ್ದು ಕಪಾಟಿನೊಳಗಿನ ಸ್ಟೀಲ್ ಡಬ್ಬಿಯಲ್ಲಿ. ಹಬ್ಬ ಮುಗಿದ ಮೇಲೆ ಅಕ್ಕನ ಸೊಸೆಯೇ ಡಬ್ಬಿ ಒರೆಸಿ, ಸರ ಹಾಕಿ ಇಟ್ಟಿದ್ದಳು.

"ನಾ ಅಂತೂ ಮುಟ್ಟೇ ಇಲ್ಲ. ದಿನಾ ಕಪಾಟ ಒರಸಾಕಿ ಆಕಿನ," ಎಂದಳು ಅಕ್ಕ. ಎಪ್ಪತ್ತು ದಾಟಿದ ಅಕ್ಕ ಸುಳ್ಳಾಡಿದ್ದನ್ನು ನಾನು ಕಂಡಿಲ್ಲ.

ಪೊಲೀಸ್ ಸ್ಟೇಷನ್ನಿಗೆ ಹೊರಟಿದ್ದ ಅಕ್ಕನ ಮಗನನ್ನು ತಡೆದದ್ದು ನನ್ನ ಮಗಳು ಶ್ರೀದೇವಿ. ಜಮಖಂಡಿಯಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಾಳೆ. ಕಣ್ಣಿಗೆ ಕಾಣದ ಬೆರಳಚ್ಚು ತೋರಿಸುವ ಪುಡಿ ಮಾಡುವುದೇ ಅವಳ ಪ್ರಾಜೆಕ್ಟ್. ಅರಿಶಿನದಿಂದ ತೆಗೆದ ಹಳದಿ ಬಣ್ಣ, ಜೊತೆಗೆ ಸತುವಿನ ಆಕ್ಸೈಡ್. ಬೆರಳು ಬಿಟ್ಟುಹೋದ ಎಣ್ಣೆ-ಬೆವರಿಗೆ ಆ ಪುಡಿ ಅಂಟುತ್ತದೆ. ನೇರಳೆ ಟಾರ್ಚ್ ಹಿಡಿದರೆ ಹೊಳೆಯುತ್ತದೆ. (ಅರಿಶಿನ ಎಂದರೆ ನನಗೆ ಗಾಯ ಮತ್ತು ಸಾರು, ಅಷ್ಟೇ ಗೊತ್ತಿತ್ತು.)

ಮೊದಲು ಕೇಳಿದ್ದು ಕಸ್ತೂರಿಯ ಬೆರಳುಗಳನ್ನು. ಅವಳು ಕೈ ಚಾಚಿದಳು. ಇಂಕು ಹಚ್ಚಿ ಗುರುತು ತೆಗೆದುಕೊಂಡೆವು. ಆಮೇಲೆ ಮನೆಯವರದು.

ಡಬ್ಬಿಯ ಮೇಲೆ ಬ್ರಷ್ ಆಡಿತು. ಸೊಸೆಯ ಗುರುತುಗಳು ಕಂಡವು. ಪಕ್ಕದಲ್ಲೇ ಒಂದು ಹೆಬ್ಬೆರಳು, ನಡುವೆ ಅಡ್ಡ ಗೀರು. ಈಳಿಗೆ ತಾಗಿದ ಹಳೆಯ ಗಾಯ. ಅದು ಅಕ್ಕನದು. ಕಸ್ತೂರಿಯದು ಎಲ್ಲೂ ಇಲ್ಲ.

"ಅತ್ತೀ, ಡಬ್ಬಿ ನೀವ ತಗದೀರಿ," ಎಂದಳು ಶ್ರೀದೇವಿ, ಮೆಲ್ಲಗೆ.

"ಹುಚ್ಚಿ ಏನ್ಲೇ? ನಾ ಯಾಕ ತಗೀಲಿ?"

ಹುಡುಕಿದೆವು. ಅಕ್ಕನ ದಿಂಬಿನ ಗವಸಿನಲ್ಲಿ, ಅವಳದೇ ಕರವಸ್ತ್ರದ ಗಂಟಿನಲ್ಲಿ ಸರ ಸಿಕ್ಕಿತು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದನ್ನ ಇಲ್ಲಿ ಯಾರ್ ಇಟ್ರು?"

ನಗುವ ಮಾತೇ. ಯಾರೂ ನಗಲಿಲ್ಲ. ಉಕ್ಕಿ ಹೋದ ಹಾಲು, ಮತ್ತೆ ಮತ್ತೆ ಬಿದ್ದ ಉಪ್ಪು, ಕೇಳಿದ್ದನ್ನೇ ಕೇಳುವ ಅಕ್ಕ. ಸೊಸೆಗೆ ಒಂದೊಂದೇ ನೆನಪಾಗತೊಡಗಿತು. ಪತ್ತೆಯಾದದ್ದು ಕಳ್ಳತನವಲ್ಲ, ಕಾಯಿಲೆ. ಮರೆವಿನ ರೋಗದ ಶುರು ಎಂದಿದ್ದಾರೆ ಡಾಕ್ಟರು. ಬೇಗ ಗೊತ್ತಾಗಿದ್ದು ಛಲೋ ಆತು ಎಂದರಂತೆ.

ಆದರೆ ಕಸ್ತೂರಿ ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದಳು. ಕರೆಯಲು ನಾನೇ ಅವಳ ಮನೆಗೆ ಹೋದೆ.

"ಅಕ್ಕಗ ಮರವು ಬಂದೈತವಾ. ಅದಕ್ಕ ಹಂಗ ಅಂದ್ಲು. ಮನಸಿಗಿ ಹಚ್ಕೋಬ್ಯಾಡ."

ಅಂಗಳ ಗುಡಿಸುತ್ತಿದ್ದವಳು ನಿಂತು, ನೇರವಾಗಿ ನನ್ನನ್ನೇ ನೋಡಿದಳು.

"ಅವರಿಗಿ ಮರವು ಬಂದೈತಿ, ಖರೆ. ನಿಮಗೇನ್ ಬಂದಿತ್ರೀ?"