ಕೆನ್ನೆಯ ದೃಷ್ಟಿಬೊಟ್ಟು

ನಾನು ಅಜ್ಜಿಯಾದದ್ದು ಅರವತ್ತೇಳನೇ ವಯಸ್ಸಿಗೆ. ಮೊಮ್ಮಗಳಿಗೆ ಆಗ ಆರು ವರ್ಷ. ಹೀಗೂ ಉಂಟೇ ಅನ್ನುವವರಿಗೆ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ಪರದೇಶದಲ್ಲಿ, ಸ್ಲೈಗೋ ಎಂಬ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಮೂರು ತಿಂಗಳು ಇದ್ದು ಹೋಗೋಣ ಎಂದು ಬಂದವಳು ನಾನು, ಕೊರೊನಾ ಬಂದು ವಿಮಾನ ನಿಂತು ಇಲ್ಲೇ ಉಳಿದೆ. ಮಗಳಿಗೂ ಅಳಿಯನಿಗೂ ಮಕ್ಕಳಿರಲಿಲ್ಲ. ಹೆತ್ತವರ ಹತ್ತಿರ ಇರಲಾಗದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುವುದಕ್ಕೆ ಇಬ್ಬರೂ ಮೊದಲೇ ಹೆಸರು ಬರೆಸಿ ತರಬೇತಿ ಮುಗಿಸಿದ್ದರು. ನಾನೂ ಮನೆಯಲ್ಲಿದ್ದೇನೆಂದು ನನ್ನ ಕಾಗದಪತ್ರವನ್ನೂ ಪೊಲೀಸರು ನೋಡಿದರು. ಆಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ಬಂದಳು. ಕೆಂಪು ಕೂದಲು, ಬೆನ್ನಿಗೊಂದು ಸ್ಕೂಲ್ ಬ್ಯಾಗು.

ಅವಳ ಮನೆಯಲ್ಲಿ ಏಟು ಬೀಳುತ್ತಿತ್ತು, ಊಟ ಸಿಗುತ್ತಿರಲಿಲ್ಲ. ನನಗೆ ಹೇಳಿದ್ದು ಅಷ್ಟೇ, ಅಷ್ಟೇ ಸಾಕಾಗಿತ್ತು. ಊರಿನ ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವಳು ನಾನು. ಹಸಿದ ಮಗು ತಟ್ಟೆಯನ್ನು ಹೇಗೆ ಹಿಡಿಯುತ್ತದೆಂದು ಗೊತ್ತು. ಮೊದಲ ವಾರ ಗೋಡೆ ಕಡೆ ತಿರುಗಿ ಕೂತು ತಿಂದಳು. ಮೂರನೇ ವಾರ ನನ್ನ ಕೈತುತ್ತಿಗೆ ಬಾಯಿ ತೆರೆದು, "ಅಜ್ಜಿ, ಮೋರ್" ಎಂದಳು. ನನ್ನ ಕಣ್ಣು ತುಂಬಿಬಂತು, ಮೊಸರನ್ನ ಜಾಸ್ತಿಯೇ ಕಲಸಿಬಿಟ್ಟೆ.

ಒಂದು ಮಾತ್ರ ಬಿಡಲಿಲ್ಲ. ಹಲ್ಲುಜ್ಜುವ ಬ್ರಶ್ಶನ್ನು ನಮ್ಮೆಲ್ಲರ ಬ್ರಶ್ಶು ಇದ್ದ ಲೋಟದಲ್ಲಿ ಇಡುತ್ತಿರಲಿಲ್ಲ. ಉಜ್ಜಿ, ಒರೆಸಿ, ಬ್ಯಾಗಿನೊಳಗೆ ಇಡುತ್ತಿದ್ದಳು. ಮಗಳು ಯಾಕೆಂದು ಕೇಳಿದರೆ, "ಹೊರಡು ಅಂದಾಗ ಹುಡುಕಬಾರದಲ್ಲ" ಎಂದಳಂತೆ.

ಅವಳು ನಮ್ಮಲ್ಲೇ ಇರಬೇಕೋ, ಬೇರೆ ಮನೆಗೆ ಹೋಗಬೇಕೋ ಎಂಬುದನ್ನು ಕೋರ್ಟು ತೀರ್ಮಾನಿಸಬೇಕಿತ್ತು. ಮಗುವಿನ ಪರವಾಗಿ ಜಡ್ಜಿಗೆ ಹೇಳುವುದಕ್ಕೆಂದು ಕೋರ್ಟೇ ಒಬ್ಬ ಹೆಂಗಸನ್ನು ನೇಮಿಸಿತ್ತು. ಆಕೆ ಹೆತ್ತವರ ಕಡೆಯೂ ಅಲ್ಲ, ನಮ್ಮ ಕಡೆಯೂ ಅಲ್ಲ, ಬರೀ ಮಗುವಿನ ಕಡೆ. ಆಕೆ ನೋಡಲು ಬರುತ್ತಾಳೆಂದು ಬೆಳಿಗ್ಗೆ ಮಗುವಿಗೆ ತಲೆ ಬಾಚಿ, ಹೊಸ ಫ್ರಾಕು ಹಾಕಿದೆ. ಎಷ್ಟು ಲಕ್ಷಣವಾಗಿದ್ದಳೆಂದರೆ ನನ್ನ ದೃಷ್ಟಿಯೇ ತಾಗುವ ಹಾಗಿತ್ತು. ಡಬ್ಬಿಯಿಂದ ಕಾಡಿಗೆ ತೆಗೆದು ಕೆನ್ನೆಗೊಂದು ಬೊಟ್ಟು ಇಟ್ಟೆ.

ಆರು ವರ್ಷದ ಮಗು ಸುಮ್ಮನೆ ಇರುತ್ತದೆಯೇ? ಹಿತ್ತಲಲ್ಲಿ ಕುಣಿದು, ಕೆನ್ನೆ ಉಜ್ಜಿಕೊಂಡು, ಬೊಟ್ಟು ಹರಡಿ ನೀಲಿಗಟ್ಟಿದ ಹಾಗೆ ಆಗಿತ್ತು. ನಾನು ಗಮನಿಸಲಿಲ್ಲ. ಕೋರ್ಟಿನ ಆ ಹೆಂಗಸು ಕೊರೊನಾ ನಿಯಮದಿಂದ ಮನೆಯೊಳಗೆ ಬರುವಂತಿರಲಿಲ್ಲ, ಹಿತ್ತಲಲ್ಲೇ ಎರಡು ಮೀಟರ್ ದೂರದಲ್ಲಿ ನಿಂತಳು. ಮಾಸ್ಕಿನ ಮೇಲೆ ಬರೀ ಕಣ್ಣು. ಆ ಕಣ್ಣು ಮಗುವಿನ ಕೆನ್ನೆಯ ಮೇಲೆ ನಿಂತುಬಿಟ್ಟಿತು. ಮಗುವಿನ ಜೊತೆ ಒಬ್ಬಳೇ ಮಾತಾಡಬೇಕು, ನೀವೆಲ್ಲ ಒಳಗೆ ಹೋಗಿ ಎಂದಳು.

ಅಡುಗೆಮನೆ ಕಿಟಕಿಯ ಹತ್ತಿರ ಮೂವರೂ ನಿಂತೆವು. ಅಳಿಯ ಪಿಸುಗುಟ್ಟಿದ.

"ಅತ್ತೆ, ಮಗು ಕೆನ್ನೆಗೆ ಏನ್ ಹಚ್ಚಿದ್ರಿ?"

"ದೃಷ್ಟಿಬೊಟ್ಟು. ಯಾರೋ ನೋಡೋಕ್ ಬರ್ತಾರೆ ಅಂದ್ರಲ್ಲ."

"ಅಯ್ಯೋ ಅತ್ತೆ! ಅವ್ರು ಅದನ್ನ ನಾವ್ ಹೊಡ್ದಿರೋ ಏಟು ಅಂದ್ಕೊಂಡಿದ್ದಾರೆ!"

ಅವನು ಬಾಗಿಲ ಕಡೆ ಓಡಿದ. ಮಗಳು ತೋಳು ಹಿಡಿದು ನಿಲ್ಲಿಸಿದಳು. "ಹೋಗ್ಬೇಡ್ರಿ. ನಾವು ಓಡಿದ್ರೆ ಮುಚ್ಚಿಡ್ತಿದೀವಿ ಅನ್ಸುತ್ತೆ. ಮಗುನೇ ಹೇಳ್ಲಿ."

ಬಟ್ಟೆ ಒಣಗಿಸುವ ತಂತಿಯ ಕೆಳಗೆ ಆಕೆ ಮಂಡಿಯೂರಿ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಮಗು ಓಡಿಬಂದು, "ಅಜ್ಜಿ, ಬ್ಲ್ಯಾಕ್ ಡಬ್ಬಿ!" ಎಂದಿತು. ಕೊಟ್ಟೆ. ಅದನ್ನು ಹಿಡಿದು ಓಡಿಹೋಗಿ, ಇನ್ನೊಂದು ಕೆನ್ನೆಗೂ ಬೊಟ್ಟು ಇಟ್ಟುಕೊಂಡು, ಡಬ್ಬಿಯನ್ನು ಮೋಟುಗೋಡೆಯ ಮೇಲಿಟ್ಟು, ದೊಡ್ಡವರ ಹಾಗೆ ಎರಡು ಮೀಟರ್ ಹಿಂದಕ್ಕೆ ಸರಿದು ನಿಂತಿತು. ಆಕೆ ಬೆರಳದ್ದಿ ತನ್ನ ಕೈ ಮೇಲೊಂದು ಚುಕ್ಕೆ ಇಟ್ಟುಕೊಂಡಳು. ಅಭ್ಯಾಸಬಲ ನೋಡಿ, ಡಬ್ಬಿ ಮುಟ್ಟಿದ ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ಉಜ್ಜಿದಳು. ಚುಕ್ಕೆ ಹೋಗಿ ಅಂಗೈ, ಮುಂಗೈ ಎಲ್ಲ ಮಸಿ! ಮಗು ಹುಲ್ಲಿನ ಮೇಲೆ ಬಿದ್ದು ಬಿದ್ದು ನಕ್ಕಿತು. ಮಾಸ್ಕಿನ ಮೇಲಿನ ಕಣ್ಣುಗಳೂ ನಕ್ಕವು.

ಹೋಗುವಾಗ ಆಕೆ ಬಾಗಿಲ ಬಳಿ ಬಂದು ಹೇಳಿದ್ದನ್ನು ಮಗಳು ನನಗೆ ಕನ್ನಡದಲ್ಲಿ ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅಂತಿದ್ದಾರೆ ಅಮ್ಮ. ಅಂಥ ಗುರುತು ನೋಡಿಯೂ ಕೇಳ್ದೆ ಹೋದ್ರೆ ನಾನಿದ್ದು ಏನ್ ಪ್ರಯೋಜನ ಅಂತೆ."

ಬೇಜಾರೆಲ್ಲಿ! ಹೋದ ವರ್ಷ ಇವಳ ಕೆನ್ನೆಯನ್ನು ಯಾರಾದರೂ ಹೀಗೆ ನೋಡಿ ಕೇಳಿದ್ದರೆ ಎಂದುಕೊಂಡೆ. ಆಕೆಗೆ ಕೈ ಮುಗಿದೆ. ಆಕೆಯೂ ಮಸಿ ಕೈಯಲ್ಲೇ ಮುಗಿದಳು. ಅವತ್ತಿನಿಂದ ಬೊಟ್ಟನ್ನು ಅಂಗಾಲಿಗೆ ಇಡುತ್ತಿದ್ದೇನೆ. ದೃಷ್ಟಿಗೆ ಅದೂ ಆಗುತ್ತದೆ, ಕಚಗುಳಿಯೂ ಆಗುತ್ತದೆ.

ಒಂದು ತಿಂಗಳು ಯಾವ ಸುದ್ದಿಯೂ ಇಲ್ಲ. ಫೋನು ಸದ್ದು ಮಾಡಿದಾಗೆಲ್ಲ ಸೌಟು ಬಿಟ್ಟು ಓಡಿಬರುತ್ತಿದ್ದೆ. ಕೊನೆಗೆ ಒಂದು ಸಂಜೆ ಆಕೆಯೇ ಫೋನು ಮಾಡಿದಳು. ಮಗು ದೊಡ್ಡವಳಾಗುವ ತನಕ ನಿಮ್ಮಲ್ಲೇ ಇರಲಿ ಎಂದು ಜಡ್ಜಿ ಹೇಳಿದರಂತೆ. ಮಗಳು ಅಳುತ್ತಾ ನಕ್ಕಳು.

"ಗ್ರ್ಯಾಂಡ್ ಅಲ್ವಾ ಅತ್ತೆ?" ಎಂದ ಅಳಿಯ. ಚೆನ್ನಾಯ್ತು ಅನ್ನುವುದಕ್ಕೆ ಇಲ್ಲಿಯವರ ಮಾತು ಅದು.

"ಬರೀ ಗ್ರ್ಯಾಂಡ್ ಅಂದ್ರೆ ಆಯ್ತೇನಪ್ಪಾ? ಬೇಳೆ ಬೇಯಿಸ್ತೀನಿ, ಹೋಳಿಗೆ ಆಗ್ಬೇಕು ಇವತ್ತು!"

ಫೋನಿನಲ್ಲಿದ್ದ ಆಕೆ ಮಗುವಿನ ಜೊತೆ ಮಾತಾಡಬೇಕು ಎಂದಳು, ಮಗಳು ಸ್ಪೀಕರ್ ಹಾಕಿದಳು. ನೀನು ಜಡ್ಜಿಗೆ ಕೇಳು ಅಂದಿದ್ದನ್ನು ಕೇಳಿದೆ, ಇಡಬಹುದಂತೆ ಎಂದಳೆಂದು ಮಗಳು ನನಗೆ ಹೇಳಿದಳು. ಏನು ಕೇಳಿತ್ತೋ ಮಗು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವಳು ಫೋನು ಕೆಳಗಿಟ್ಟು ಬ್ಯಾಗು ತೆರೆದಳು, ಬ್ರಶ್ಶು ತೆಗೆದುಕೊಂಡು ಬಚ್ಚಲಮನೆಗೆ ಹೋದಳು. ಲೋಟದಲ್ಲಿ ಅದು ಟಣ್ಣೆಂದದ್ದು ಒಲೆಯ ಮುಂದೆ ನಿಂತಿದ್ದ ನನಗೂ ಕೇಳಿಸಿತು.