ಆಲದ ಸಮುದ್ರ

ದೆಹಲಿಯ ವಸಂತ್ ಕುಂಜ್‌ನ ನಮ್ಮ ಭಾನುವಾರದ ಕನ್ನಡ ತರಗತಿಗೆ ಚಿತ್ರಕಲೆ ಕಲಿಸಲು ಬರುತ್ತಿದ್ದ ಮೇಡಂ ಒಂದು ಕಡೆ ನಿಂತವರಲ್ಲ. ಬ್ಯಾಗು ಇಳಿಸುವ ಮೊದಲೇ ಯಾರದ್ದೋ ಹಾಳೆಯ ಮೇಲೆ ಬಗ್ಗಿರುತ್ತಿದ್ದರು. "ಬೇಗ ಬೇಗ, ಆದ್ರೆ ಅವಸರ ಬೇಡ" ಎನ್ನುವುದು ಅವರ ಮಾತು. ಮಕ್ಕಳು ಅದನ್ನೇ ಅಣಕಿಸುತ್ತಿದ್ದರು.

ಸಮುದ್ರ ಉಳಿಸುವ ಬಗ್ಗೆ ಮಕ್ಕಳ ಚಿತ್ರಪ್ರದರ್ಶನವೊಂದಿತ್ತು. "ಆಳದ ಸಮುದ್ರ ಬಿಡಿಸಿ" ಎಂದಿದ್ದರು ಮೇಡಂ. ಚಿತ್ರ ಕಳಿಸಬೇಕಾದ ದಿನ ಎಲ್ಲರೂ ಕತ್ತಲಲ್ಲಿ ಮಿನುಗುವ ಮೀನು, ಆಕ್ಟೋಪಸ್ ಬಿಡಿಸಿ ತಂದರು. ಒಬ್ಬ ಹುಡುಗಿ ಮಾತ್ರ ಕಡಲ ತಳದಲ್ಲಿ ದೊಡ್ಡ ಆಲದ ಮರ ಬರೆದಿದ್ದಳು. ದೆಹಲಿಯಲ್ಲೇ ಬೆಳೆದ ಅವಳ ಕಿವಿಗೆ ಳ, ಲ ಎರಡೂ ಒಂದೇ.

"ಅರೇ, ಪಾನಿ ಮೇ ಪೇಡ್! ನೀರೊಳಗೆ ಮರ!" ಎಂದು ಉಳಿದವರು ನಕ್ಕರು. ಅವಳು ಹಾಳೆ ಹರಿಯಲು ಹೊರಟಳು. ಮೇಡಂ ಓಡಿ ಬಂದು ಕೈ ಹಿಡಿದರು.

"ತಡಿ ಪುಟ್ಟಾ. ಈ ಬಿಳಲುಗಳ ಒಳಗೆ ಏನಿದು?"

"ಛೋಟಾ ಛೋಟಾ ಮೀನು, ಮ್ಯಾಮ್. ಜಾಲ್ ಬಂದ್ರೆ ಇದರಲ್ಲಿ ಅಟಕ್ ಆಗತ್ತೆ, ಸಿಕ್ಕಾಕೊಳ್ಳತ್ತೆ. ಮೀನು ಬಚಾವ್."

ಮೇಡಂ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಮೀನನ್ನು ನೋಡಿದರು. ಆಮೇಲೆ ಅದನ್ನೂ ಪ್ರದರ್ಶನಕ್ಕೆ ಕಳಿಸುವ ಚಿತ್ರಗಳ ಕಟ್ಟಿನಲ್ಲಿ ಸೇರಿಸಿದರು.

ಕನ್ನಡ ಕಲಿಸುವ ನಾನು ಚಿತ್ರಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದೆ; ಅವಳು ಚೀಟಿಯಲ್ಲಿ ಬರೆದ 'ಆಲದ ಸಮುದ್ರ'ದ ಲವನ್ನು ಳ ಎಂದು ತಿದ್ದಲು ಪೆನ್ನು ತೆಗೆದೆ.

"ಬೇಡ ರೀ," ಎಂದು ಮೇಡಂ ಕಟ್ಟನ್ನು ಕಿತ್ತುಕೊಂಡು ಆಟೋದತ್ತ ಓಡಿದರು. "ಅದನ್ನ ತಿದ್ದಿದ್ರೆ ಮೀನುಗಳು ಎಲ್ಲಿಗೆ ಹೋಗ್ಬೇಕು?"