ನಾಲ್ಕು ನುಂಗಿದ ತಕ್ಕಡಿ

ಬೈಲಹೊಂಗಲದಲ್ಲಿ ನಮ್ಮ ಅತ್ತೆಯದು ರೈತರಿಂದ ಕಾಳು ಕೊಳ್ಳುವ ಅಂಗಡಿ. ಕಣ್ಣು ಮಂಜಾದ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಅವಳಿಗೆ ಕಾಣದಾಯಿತು. "ಈ ಸಂತಿಯಿಂದ ಅಂಗಡಿ ಗಾದಿ ಮ್ಯಾಲ ನಾ ಕೂಡತೇನಿ, ನೀ ಮನ್ಯಾಗಿರು" ಎಂದು ಮಾವ ಹೇಳಿಬಿಟ್ಟಿದ್ದರು. ಅತ್ತೆಗೆ ಅಂಗಡಿ ಬಿಟ್ಟರೆ ಹೊತ್ತು ಹೋಗುವುದಿಲ್ಲ.

ತಕ್ಕಡಿಯ ಹಿಂದೆ ಕೇಬಲ್ ಸಿಕ್ಕಿಸುವ ಕಿಂಡಿಯಿತ್ತು. ಅಲ್ಲಿಂದ ತೂಕವನ್ನು ಒಂದೊಂದೇ ಅಂಕಿಯಾಗಿ ನನ್ನ ಪುಟ್ಟ ಕಂಪ್ಯೂಟರಿನಂಥ ಮೈಕ್ರೋಕಂಟ್ರೋಲರ್ ಬೋರ್ಡಿಗೆ ತಂದು ಸ್ಪೀಕರಿನಲ್ಲಿ ಹೇಳಿಸಿದರಾಯಿತು ಅಂದುಕೊಂಡೆ. ನಾನು ಕಲಿತದ್ದೆಲ್ಲ ಮೊಬೈಲಿನ ವಿಡಿಯೋ ನೋಡಿ. ಅಂಕಿಗಳನ್ನು ನನ್ನ ಧ್ವನಿಯಲ್ಲೇ ರೆಕಾರ್ಡ್ ಮಾಡಿದೆ.

ಅಂಗಡಿಯಲ್ಲೊಂದು ರೂಢಿ. ಬಾಗಿಲು ತೆಗೆದ ಕೂಡಲೇ ಕುಂಕುಮ ಹಚ್ಚಿದ ಐದು ಕಿಲೋ ಕಲ್ಲನ್ನು ತಕ್ಕಡಿಗೆ ಇಡಬೇಕು, ಸರಿ ತೋರಿಸಿದರೆ ವ್ಯಾಪಾರ ಶುರು. ನಾನೂ ಅದೇ ಕಲ್ಲಿಟ್ಟು ಪರೀಕ್ಷೆ ಮಾಡಿದೆ. ಮೂರು ದಿನವೂ "ಐದು ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ" ಎಂದು ಸ್ಪಷ್ಟವಾಗಿ ಹೇಳಿತು. ಗೆದ್ದೆ ಅಂದುಕೊಂಡೆ.

ಸಂತೆಯ ಹಿಂದಿನ ದಿನ ಸಂಪಗಾಂವದ ಅಜ್ಜಿಯೊಬ್ಬಳು ಹೆಸರುಕಾಳಿನ ಗಂಟು ತಂದಿಟ್ಟಳು. ತಕ್ಕಡಿ ತೋರಿಸಿದ್ದು 4.350. ಸ್ಪೀಕರ್ ಹೇಳಿದ್ದು "ಪಾಯಿಂಟ್ ಮೂರು ಐದು ಸೊನ್ನೆ."

"ಯವ್ವಾ, ನನ್ನ ನಾಕ ಕಿಲೋ ಎಲ್ಲಿ ಹೋತು?" ಎಂದಳು ಅಜ್ಜಿ.

"ನಮ್ಮ ಹುಡುಗನ ಡಬ್ಬಿ ನುಂಗೇತಿ, ತಡೀರಿ, ಕಕ್ಕಸ್ತೇನಿ" ಎಂದು ಅತ್ತೆ ನನ್ನ ಕಡೆ ತಿರುಗಿದಳು. "ಐದು ಹೇಳತೈತಿ, ನಾಕು ಯಾಕ ಹೇಳಂಗಿಲ್ಲೋ?"

"ಗೊತ್ತಾಗವಲ್ದು ಅತ್ತಿ."

"ನಿಮ್ಮ ಮಾವನೂ ಹಿಂಗ. ತಮಗ ಬೇಕಾದ್ದಷ್ಟ ಮಾತಾಡ್ತಾರ."

ವೈರು ಬಿಚ್ಚಿ ಮತ್ತೆ ಕೂಡಿಸಿದೆ. ಬೋರ್ಡು ಅಂಕಿ ಓದುವ ವೇಗ ಬದಲಿಸಿದರೆ ಇದ್ದ ಐದೂ ಹೋಯಿತು, ಅಂದರೆ ಮೊದಲಿನ ವೇಗವೇ ಸರಿ. ವೈರು ಸಡಿಲವಿದ್ದರೆ ಎಲ್ಲವೂ ಕೆಡಬೇಕಿತ್ತಲ್ಲ? ಕಡಲೆ, ಬೆಲ್ಲ, ನನ್ನ ಚಪ್ಪಲಿ, ಸಿಕ್ಕಿದ್ದನ್ನೆಲ್ಲ ತೂಗಿ ಬರೆದುಕೊಂಡೆ. ಸೊನ್ನೆ, ಮೂರು, ಐದು, ಆರು, ಒಂಬತ್ತು ಬರುತ್ತಿದ್ದವು. ಒಂದು, ಎರಡು, ನಾಲ್ಕು, ಏಳು, ಎಂಟು ಬೋರ್ಡಿಗೆ ಜೋಡಿಸಿದ ಕಂಪ್ಯೂಟರಿನ ಪರದೆಯ ಮೇಲೆ ವಿಚಿತ್ರ ಗುರುತುಗಳಾಗುತ್ತಿದ್ದವು. ಚಪ್ಪಲಿ ಇಟ್ಟದ್ದಕ್ಕೆ ಅತ್ತೆ ಬೈದಳು. ಆ ಪಟ್ಟಿಯನ್ನು ಎಷ್ಟು ನೋಡಿದರೂ ತಲೆಬುಡ ತಿಳಿಯಲಿಲ್ಲ.

ಕೊನೆಗೆ ತಕ್ಕಡಿಯ ಜೊತೆ ಬಂದಿದ್ದ ಕಾಗದ ಹುಡುಕಿದೆ. ಈ ತಕ್ಕಡಿ ಅಂಕಿಯನ್ನು ಏಳೇ ಬಿಟ್‌ಗಳಲ್ಲಿ ಕಳಿಸುತ್ತದೆ, ಎಂಟನೆಯದು ತಪ್ಪು ಹಿಡಿಯುವುದಕ್ಕೆ ಎಂದು ಅದರಲ್ಲಿತ್ತು. ನಾನು ಆ ಎಂಟನೆಯ ಬಿಟ್ಟನ್ನೂ ಅಂಕಿಗೇ ಸೇರಿಸಿ ಓದುತ್ತಿದ್ದೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದೆ. ಅರ್ಧದಷ್ಟು ಅಂಕಿಗಳಿಗೆ ಮಾತ್ರ ಏಕೆ ಪೆಟ್ಟು ಬಿತ್ತು ಎಂಬುದು ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ.

ಸಂತೆಯ ದಿನ ಗಾದಿಯ ಮೇಲೆ ಅತ್ತೆಯೇ ಕೂತಿದ್ದಳು, ಮಾವ ಅದರ ಅಂಚಿಗೇ ಬಂದು ನಿಂತಿದ್ದರು. ಮೊದಲ ರೈತ ಗಂಟು ಇಟ್ಟ.

"ಏಳು ಪಾಯಿಂಟ್ ಎಂಟು ನಾಲ್ಕು ಎರಡು."

ರೈತನೂ ಮಾವನೂ ಒಟ್ಟಿಗೇ ಬಗ್ಗಿ ತಕ್ಕಡಿ ನೋಡಿದರು. ಅತ್ತೆ ಬಗ್ಗಲಿಲ್ಲ.

"ಸರಿ ಐತಿ" ಎಂದರು ಮಾವ, ಮೆಲ್ಲಗೆ. "ಹಂಗಾರ ನಾ ಎಲ್ಲಿ ಕೂಡ್ಲಿ?"

"ಅಲ್ಲೆ ಕುಂತು ಚೀಲದ ಬಾಯಿ ಹೊಲೀರಿ" ಎಂದಳು ಅತ್ತೆ.